ಪಾದ್ರಿಯ ಓದು



ಸಭಾಪಾಲಕರ ತರಬೇತಿಯ ಬಗ್ಗೆ ಮಾತನಾಡಲು ನನ್ನಂಥವನನ್ನು ಕರೆದಿದ್ದೀರಿ. ನಾನು ದೀಕ್ಷೆ ಪಡೆದ ಅಯ್ಯನವರಲ್ಲ. ಸೆಮಿನರಿಯ ಮೆಟ್ಟಿಲು ಹತ್ತಿದ್ದೇನಾದರೂ ಇದ್ದರೆ ಅದು ಅಲ್ಲಿನ ಗ್ರಂಥಾಲಯಕ್ಕಾಗಿ. ಭಾನುವಾರ ಬೆಂಚಿನಲ್ಲಿ ಕುಳಿತು ಪ್ರಸಂಗ ಕೇಳುವವರ ಸಾಲಿಗೆ ಸೇರಿದವನು ನಾನು. ಆದರೆ ಪಾದ್ರಿ ಏನು ಓದಿದ, ಎಲ್ಲಿ ಓದಿದ, ಯಾವ ಭಾಷೆಯಲ್ಲಿ ಓದಿದ ಎನ್ನುವುದರ ಪರಿಣಾಮ ಬಂದು ತಟ್ಟುವುದು ಆ ಬೆಂಚಿಗೇ. ಬೆಂಚಿನವರಿಗೂ ಈ ವಿಷಯದಲ್ಲಿ ಮಾತಾಡುವ ಹಕ್ಕಿದೆ ಎಂದುಕೊಂಡು ಬಂದಿದ್ದೇನೆ.

ಸುತ್ತಿ ಬಳಸದೆ ನನ್ನ ವಾದವನ್ನು ಮೊದಲೇ ಇಟ್ಟುಬಿಡುತ್ತೇನೆ. ಪಾದ್ರಿಗೆ ಗಂಭೀರವಾದ ಉನ್ನತ ಓದು ಬೇಕು. ಪ್ರಾರ್ಥನೆಯೊಂದಿದ್ದರೆ ಸಾಕು, ಪುಸ್ತಕ ಯಾಕೆ ಎನ್ನುವವರ ಜೊತೆ ನಾನಿಲ್ಲ. ಆದರೆ ನಮ್ಮ ನಾಡಿನಲ್ಲಿ ಆ ಓದು ಎತ್ತರಕ್ಕೆ ಹೋದ ಹಾಗೆಲ್ಲ ಕನ್ನಡದಿಂದ ದೂರವಾಯಿತು, ರೋಗಿಯ ಹಾಸಿಗೆಯಿಂದಲೂ ದೂರವಾಯಿತು. ಹಾಗೆಯೇ ಆಗಬೇಕಿತ್ತೆಂಬ ನಿಯಮ ಎಲ್ಲೂ ಇರಲಿಲ್ಲ. ಮಂಗಳೂರಿನ ಸೆಮಿನರಿಯಲ್ಲಿ ಓದಿ ಪಾದ್ರಿಯಾದವರೊಬ್ಬರು ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ನಾಡು ಇದು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪಾದ್ರಿಯ ಕೆಲಸ ಏನೆಂದು ನೋಡೋಣ. ಹೊರಗಿನವರ ಕಣ್ಣಿಗೆ ಬೀಳುವುದು ಭಾನುವಾರದ ಆರಾಧನೆ, ಅರ್ಧ ಗಂಟೆಯ ಪ್ರಸಂಗ, ಕರ್ತನ ಭೋಜನ, ಕ್ರಿಸ್‌ಮಸ್‌ನ ಕೇಕು. ಉಳಿದ ಆರು ದಿನಗಳ ಓಡಾಟವೇ ಬೇರೆ. ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ ಯಾರೋ ಕೊನೆಯುಸಿರು ಎಳೆಯುತ್ತಿರುತ್ತಾರೆ. ಸಮಾಧಿ ಜಾಗದ ಮೇಲೆ ತಕರಾರು ಎದ್ದಿರುತ್ತದೆ. ಕುಡಿದು ಬಂದು ಹೊಡೆಯುವ ಗಂಡನ ಮೇಲೆ ಹೆಂಡತಿಯ ದೂರು, ಮಗಳು ಬೇರೆ ಜಾತಿಯವನ ಜೊತೆ ಹೋದಳೆಂದು ತಂದೆಯ ಗೋಳು, ಶಾಲೆಯ ಸೀಟಿಗೆ ಶಿಫಾರಸು, ಚರ್ಚಿನ ಹೆಂಚು ಸೋರುವುದು, ಕಮಿಟಿಯಲ್ಲಿ ಎರಡು ಗುಂಪು. ಇವೆಲ್ಲದರ ನಡುವೆ ಒಂದು ರಾತ್ರಿ ಯಾವುದೋ ಮನೆಯ ಪಡಸಾಲೆಯಲ್ಲಿ ಒಬ್ಬ ತಾಯಿ ಕೇಳುತ್ತಾಳೆ: ಅಯ್ಯನವರೇ, ನನ್ನ ಮಗು ಯಾಕೆ ಸತ್ತಿತು?

ಈ ಪ್ರಶ್ನೆಯ ಮುಂದೆ ಓದಿದವನಿಗೂ ಓದದವನಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಓದದವನು ಥಟ್ಟನೆ ಉತ್ತರ ಕೊಡುತ್ತಾನೆ. ದೇವರ ಚಿತ್ತ ಎನ್ನುತ್ತಾನೆ, ಇಲ್ಲವೇ ನಿಮ್ಮ ನಂಬಿಕೆ ಸಾಲದೆ ಹೋಯಿತು ಎನ್ನುತ್ತಾನೆ. ಯೋಬನ ಗ್ರಂಥವನ್ನು ಸರಿಯಾಗಿ ಓದಿದವನಿಗೆ ಬೇರೆಯದೇ ಸಂಗತಿ ಗೊತ್ತಿರುತ್ತದೆ. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದಷ್ಟು ಕಾಲ ಎಲ್ಲವೂ ಸರಿಯಾಗಿತ್ತು. ಅವರು ಬಾಯಿ ತೆರೆದು ಕಾರಣ ಹುಡುಕತೊಡಗಿದ ಮೇಲೆ ಕೆಟ್ಟಿತು. ಗ್ರಂಥದ ಕೊನೆಗೆ ದೇವರು ಸಿಟ್ಟಾಗುವುದು ಆ ಕಾರಣ ಹೇಳಿದವರ ಮೇಲೆಯೇ. ಇಷ್ಟನ್ನು ತಿಳಿದವನು ಆ ತಾಯಿಯ ಮುಂದೆ ಅವಸರಪಡುವುದಿಲ್ಲ. ನಾಲ್ಕು ವರ್ಷದ ದೈವಶಾಸ್ತ್ರದ ಓದು ಒಬ್ಬ ಯುವಕನಿಗೆ ಇಂಥ ಸಂಯಮವನ್ನು ಕೊಟ್ಟರೆ ಅದು ದಂಡವಲ್ಲ. ಕೊಡುತ್ತದೆಯೇ ಎಂಬುದೇ ನನ್ನ ಪ್ರಶ್ನೆ.

ಪಾದ್ರಿಗೆಂದು ಪ್ರತ್ಯೇಕ ವಿದ್ಯಾಲಯ ಕಟ್ಟುವ ಏರ್ಪಾಡು ಕ್ರೈಸ್ತಧರ್ಮದಷ್ಟು ಹಳೆಯದಲ್ಲ. ಬಹುಕಾಲ ಹಿರಿಯ ಗುರುವಿನ ಬಳಿ ಇದ್ದು, ಅವನ ಜೊತೆ ತಿರುಗಿ, ಪೂಜಾವಿಧಿಯನ್ನು ಬಾಯಿಪಾಠ ಮಾಡಿ ಕಲಿಯುವುದೇ ರೂಢಿಯಾಗಿತ್ತು. ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ದೈವಶಾಸ್ತ್ರ ಕಲಿಸುತ್ತಿದ್ದರೂ ಹಳ್ಳಿಯ ಗುರುಗಳಲ್ಲಿ ಹೆಚ್ಚಿನವರು ಅವುಗಳ ಬಾಗಿಲನ್ನೂ ಕಂಡಿರಲಿಲ್ಲ. ಪ್ರೊಟೆಸ್ಟಂಟ್ ಸುಧಾರಣೆಯ ಹೊಡೆತ ಬಿದ್ದ ಮೇಲೆ ಪ್ರೊಟೆಸ್ಟಂಟ್, ಕಥೋಲಿಕ ಎರಡೂ ಪಕ್ಷಗಳು ಎಚ್ಚೆತ್ತವು. ಸುಧಾರಕ ಕ್ಯಾಲ್ವಿನ್ 1559ರಲ್ಲಿ ಜಿನೀವಾದಲ್ಲಿ ಅಕಾಡೆಮಿ ತೆರೆದ. 1563ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆಯ ಇಪ್ಪತ್ತಮೂರನೆಯ ಅಧಿವೇಶನವು ಪ್ರತಿ ಧರ್ಮಪ್ರಾಂತ್ಯದಲ್ಲೂ ಗುರುಗಳನ್ನು ತಯಾರು ಮಾಡುವ ಮನೆ ಇರಬೇಕೆಂದು ಕಟ್ಟಳೆ ಮಾಡಿತು. ಮುಂದೆ ಜರ್ಮನಿಯ ಶ್ಲೇಯರ್‌ಮಾಕರ್ 1811ರ ಒಂದು ಸಣ್ಣ ಪುಸ್ತಕದಲ್ಲಿ ದೈವಶಾಸ್ತ್ರದ ಪಠ್ಯಕ್ರಮವನ್ನು ತಾತ್ವಿಕ, ಚಾರಿತ್ರಿಕ, ಪ್ರಾಯೋಗಿಕ ಎಂದು ಮೂರಾಗಿ ವಿಂಗಡಿಸಿ, ಸಭಾಪಾಲನೆಗೆ ಸಂಬಂಧಿಸಿದ ಪ್ರಾಯೋಗಿಕ ಭಾಗವೇ ಅದರ ಕಿರೀಟ ಎಂದ. ಕಿರೀಟವೆಂದು ಕರೆದದ್ದಕ್ಕೋ ಏನೋ, ಆಮೇಲಿನವರು ಅದನ್ನು ಉತ್ಸವಕ್ಕೆ ಮಾತ್ರ ಹೊರತೆಗೆದರು. ಇಂದಿಗೂ ಸೆಮಿನರಿಗಳಲ್ಲಿ ಹೀಬ್ರೂ, ಗ್ರೀಕ್ ಕಲಿಸುವವರಿಗೆ ಇರುವ ಮರ್ಯಾದೆ ಸಾಂತ್ವನ ಹೇಳಲು ಕಲಿಸುವವರಿಗೆ ಸುಲಭವಾಗಿ ಸಿಗುವುದಿಲ್ಲ.

ಕಥೋಲಿಕರ ದಾರಿ ಬೇರೆ. ಅವರ ಧರ್ಮಸಭಾ ಕಾನೂನಿನ ಪ್ರಕಾರ ಗುರುವಾಗುವವನು ತತ್ವಶಾಸ್ತ್ರವನ್ನು ಎರಡು ವರ್ಷ, ದೈವಶಾಸ್ತ್ರವನ್ನು ನಾಲ್ಕು ವರ್ಷ, ಹೀಗೆ ಕನಿಷ್ಠ ಆರು ವರ್ಷ ಓದಬೇಕು. 1879ರಲ್ಲಿ ಮಂಗಳೂರಿನಲ್ಲಿ ಜೆಸ್ವಿತರು ಆರಂಭಿಸಿ ಜೆಪ್ಪುವಿನಲ್ಲಿ ಬೆಳೆದ ಸಂತ ಜೋಸೆಫರ ಗುರುಮಠ, ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಗುರುಮಠ ಇಂಥ ಓದಿನ ಮನೆಗಳು. ಎರಡನೆಯ ಜಾನ್ ಪಾಲ್ ಪೋಪರು 1992ರ ತಮ್ಮ ಪತ್ರದಲ್ಲಿ ಗುರುವಿನ ತರಬೇತಿಗೆ ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ, ಪಾಲನಾ ಎಂಬ ನಾಲ್ಕು ಮುಖಗಳಿವೆ ಎಂದರು; ಅವುಗಳಲ್ಲಿ ಮಾನವೀಯ ಮುಖವನ್ನೇ ಅಡಿಪಾಯವೆಂದು ಕರೆದರು. ಒಟ್ಟಿಗೆ ಬಾಳಿ ಕಲಿಯುವ ಶಿಸ್ತಿನಲ್ಲಿ ಕಥೋಲಿಕರು ನಮಗಿಂತ ಮುಂದಿದ್ದಾರೆ. ಆದರೆ ಸಂಸಾರದ ಕಷ್ಟವನ್ನು ಒಳಗಿನಿಂದ ಬಲ್ಲ ಗುರುಗಳು ಅಲ್ಲಿ ತಯಾರಾಗುವುದಿಲ್ಲ, ಹೆಣ್ಣುಮಕ್ಕಳಿಗೆ ಅಲ್ಲಿ ಗುರುದೀಕ್ಷೆಯೂ ಇಲ್ಲ. ಅವರ ಮನೆಯ ವಿಚಾರವನ್ನು ಅವರಿಗೇ ಬಿಟ್ಟು ನನಗೆ ಹೆಚ್ಚು ಪರಿಚಯವಿರುವ ಪ್ರೊಟೆಸ್ಟಂಟ್ ಕಡೆಗೆ ಬರುತ್ತೇನೆ.

ಕನ್ನಡ ನಾಡಿನ ಪಾದ್ರಿಯ ಓದು ಒಂದು ಅರ್ಥದಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಿಂದ ಶುರುವಾಗುತ್ತದೆ. 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ ಮರುವರ್ಷವೇ ಅಲ್ಲಿ ಸೆಮಿನರಿ ತೆರೆಯಿತು. ಅಲ್ಲಿ ಓದಲು ಬಂದವರಲ್ಲಿ ಬಹುಮಂದಿ ವ್ಯೂರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮಕ್ಕಳು. ಅವರಿಗೆ ವರ್ಷಗಟ್ಟಲೆ ಗ್ರೀಕ್, ಹೀಬ್ರೂ, ಲ್ಯಾಟಿನ್ ಕಲಿಸಿ ಹಡಗು ಹತ್ತಿಸುತ್ತಿದ್ದರು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕರಾವಳಿಗೆ ಬಂದರು. ಎರಡು ವರ್ಷದ ಮೇಲೆ ಬಂದ ಹರ್ಮನ್ ಮೋಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ್ದವರು. ಕನ್ನಡಿಗರಿಗೆ ಅವರು 1843ರ ‘ಮಂಗಳೂರ ಸಮಾಚಾರ’ದಿಂದ ಪರಿಚಿತರು. ಆದರೆ ಅದೇ ದಶಕದಲ್ಲಿ ಅವರು ಮಂಗಳೂರಿನಲ್ಲಿ ಉಪದೇಶಿಗಳನ್ನು ತಯಾರು ಮಾಡುವ ಶಾಲೆಯನ್ನೂ ನಡೆಸುತ್ತಿದ್ದರು ಎಂಬುದನ್ನು ಪತ್ರಿಕೋದ್ಯಮದ ಚರಿತ್ರೆ ಬರೆಯುವವರು ಮರೆಯುತ್ತಾರೆ. ಪತ್ರಿಕೆ ಮಾಡಿದವರು, ಪಾದ್ರಿಗಳನ್ನು ತಯಾರು ಮಾಡಿದವರು, ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದವರು ಒಬ್ಬರೇ. ಆ ಮನುಷ್ಯನ ಮಟ್ಟಿಗೆ ಇವು ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಯಾರ ಮುಂದೆ ಬೋಧಿಸಬೇಕೋ ಅವರು ಏನು ಹಾಡುತ್ತಾರೆ, ಏನು ಓದುತ್ತಾರೆ ಎನ್ನುವುದು ಬೋಧಕನಿಗೆ ಗೊತ್ತಿರಬೇಕು.

ಮೋಗ್ಲಿಂಗರ ಬಳಿ ಓದಿದ ಹುಡುಗರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಎಂಬ ಹೆಸರನ್ನು ಸೇರಿಸಿಕೊಂಡ. ಊರಿನಲ್ಲಿ ಗಲಭೆಯೇ ಆಯಿತು. 1846ರಲ್ಲಿ ಮೋಗ್ಲಿಂಗರು ಅವನನ್ನು ಬಾಸೆಲ್‌ಗೆ ಕರೆದುಕೊಂಡು ಹೋದರು. ಅಲ್ಲಿ ಜರ್ಮನ್ ಹುಡುಗರ ಜೊತೆ ಅದೇ ಪಾಠ ಓದಿ, ದೀಕ್ಷೆ ಪಡೆದು, 1851ರಲ್ಲಿ ಆತ ಮಂಗಳೂರಿಗೆ ಮರಳಿ ಸೆಮಿನರಿಯಲ್ಲಿ ಕಲಿಸತೊಡಗಿದ. ಇದನ್ನು ನಾನು ಸುಮ್ಮನೆ ಕಥೆಗಾಗಿ ಹೇಳುತ್ತಿಲ್ಲ. ನಮ್ಮವರಲ್ಲಿ ಮೊಟ್ಟಮೊದಲು ಯೂರೋಪಿನ ಪೂರ್ಣ ಸೆಮಿನರಿ ಓದು ಓದಿದವರು ಹಿಂದಿರುಗಿ ಬಂದು ಪಾಠ ಹೇಳಿದ್ದು ಕನ್ನಡದ ಹುಡುಗರಿಗೆ. ಓದು ಮೇಲೆ ಹೋಗಿ ಮತ್ತೆ ಕೆಳಗೆ ಇಳಿಯಿತು. ಆಮೇಲೆ ಬಂದ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದದ್ದು 1862ರಲ್ಲಿ, ಅಂದರೆ ಅವರ ಕನ್ನಡ ನಿಘಂಟು ಹೊರಬರುವುದಕ್ಕೆ ಮೂವತ್ತೆರಡು ವರ್ಷ ಮೊದಲು.

ಮಿಶನರಿಗಳನ್ನು ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಅವರ ಸೆಮಿನರಿಯಲ್ಲಿ ದೇಶೀಯನು ಬಹಳ ಕಾಲ ಉಪದೇಶಿಯಾಗಿಯೇ ಉಳಿದ, ತೀರ್ಮಾನಗಳು ಬಿಳಿಯರ ಕೈಯಲ್ಲಿದ್ದವು. ಆದರೆ ಮೊದಲನೆಯ ಮಹಾಯುದ್ಧ ಬಂದು ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ಊರಿಗೆ ಕಳಿಸಿದಾಗ ಸಭೆಗಳನ್ನು ಹಿಡಿದು ನಿಲ್ಲಿಸಿದವರು ಅದೇ ದೇಶೀಯ ಪಾದ್ರಿಗಳು, ಉಪದೇಶಿಗಳು. ಕನ್ನಡದಲ್ಲಿ ಕಲಿತ ಓದಿಗೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಇರಲಿಲ್ಲ.

ಆ ಓದಿನ ಹಿರಿಯ ಫಲವೆಂದರೆ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ದೈವಶಾಸ್ತ್ರ ಓದಿ, ಉತ್ತರ ಕರ್ನಾಟಕದ ಸಭೆಗಳಲ್ಲಿ ಪಾದ್ರಿಯಾಗಿ ದುಡಿದವರು. ಆ ಓಡಾಟದಲ್ಲಿಯೇ ಜನರ ಬಾಯಲ್ಲಿದ್ದ, ಓಲೆಗರಿಗಳಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಸಂಪಾದಿಸಿ ಪ್ರಕಟಿಸಿದರು. ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಸರ್ವಜ್ಞನ ಹಿಂದೆ ಒಬ್ಬ ಪಾದ್ರಿಯ ಕಾಲ್ನಡಿಗೆ ಇದೆ. ಬಸವಣ್ಣನವರ ಬಗ್ಗೆ ಬರೆದರು. ಅನುಭವ ಮಂಟಪವೇ ಇರಲಿಲ್ಲ ಎಂಬ ವಾದ ಎದ್ದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದವರೂ ಈ ಕ್ರೈಸ್ತ ಪಾದ್ರಿಯೇ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಅವರ ಕ್ರೈಸ್ತನಿಷ್ಠೆಯ ಬಗ್ಗೆ ಅವರ ಕಾಲದಲ್ಲೂ ಕೆಲವರಿಗೆ ಅನುಮಾನವಿತ್ತು. ಇಂದಿನವರಿಗೆ ಇನ್ನೂ ಹೆಚ್ಚು ಇರಬಹುದು. ನನಗೆ ಅನುಮಾನವಿಲ್ಲ. ತನ್ನ ಸಭೆಯ ಸುತ್ತ ಬದುಕುವ ಜನ ಯಾವ ಮಾತಿನಿಂದ ಧೈರ್ಯ ತಂದುಕೊಳ್ಳುತ್ತಾರೆ ಎಂದು ತಿಳಿಯುವುದು ಸಭಾಪಾಲನೆಯ ಕೆಲಸವೇ.

ಇನ್ನೊಂದು ಧಾರೆ ಬಂಗಾಳದಿಂದ ಬಂತು. ಮಿಶನರಿಗಳಾದ ಕೇರಿ, ಮಾರ್ಷ್‌ಮನ್, ವಾರ್ಡ್ 1818ರಲ್ಲಿ ಸೆರಾಂಪುರದಲ್ಲಿ ಕಾಲೇಜು ಕಟ್ಟಿದರು. ಆ ಊರು ಆಗ ಡೆನ್ಮಾರ್ಕಿನದು. ಡೆನ್ಮಾರ್ಕಿನ ದೊರೆ 1827ರಲ್ಲಿ ಪದವಿ ಕೊಡುವ ಸನ್ನದನ್ನು ಕೊಟ್ಟ. ಊರು ಬ್ರಿಟಿಷರ ಪಾಲಾದರೂ ಸನ್ನದು ಉಳಿಯಿತು. ಆದರೆ ದೈವಶಾಸ್ತ್ರದ ಮೊದಲ ಬಿ.ಡಿ. ಪದವಿ ಕೊಟ್ಟದ್ದು 1915ರಲ್ಲಿ. 1918ರ ಕಾಯಿದೆಯ ಮೇಲೆ ಸೆರಾಂಪುರದ ಸೆನೆಟ್ ದೇಶದ ಬೇರೆ ಬೇರೆ ಸೆಮಿನರಿಗಳಿಗೆ ಪದವಿ ಕೊಡುವ ಸಂಸ್ಥೆಯಾಯಿತು. ಇತ್ತ ಬೆಂಗಳೂರಿನಲ್ಲಿ ಹಲವು ಮಿಶನ್‌ಗಳು ಕೂಡಿ 1910ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು (ಯು.ಟಿ.ಸಿ.) ತೆರೆದವು. ಮಿಲ್ಲರ್ಸ್ ರಸ್ತೆಯ ಆ ಆವರಣ ದಕ್ಷಿಣ ಭಾರತದ ಪಾದ್ರಿಗಳಿಗೆ ಸ್ನಾತಕೋತ್ತರ ಓದಿನ ಹೆಬ್ಬಾಗಿಲಾಯಿತು. ಅಲ್ಲಿಯ ಪಾಠದ ಭಾಷೆ ಇಂಗ್ಲಿಷ್. ತಮಿಳು, ತೆಲುಗು, ಮಲಯಾಳ, ಕನ್ನಡದವರೆಲ್ಲ ಒಂದೇ ತರಗತಿಯಲ್ಲಿ ಕುಳಿತಾಗ ಬೇರೆ ದಾರಿಯೂ ಇರಲಿಲ್ಲ. ಕನ್ನಡದಲ್ಲಿ ಕಲಿಸುವ ಕೆಲಸ ಮಂಗಳೂರಿನ ಸೆಮಿನರಿಗೆ, ತುಮಕೂರಿನ ಯೂನಿಯನ್ ಕನ್ನಡ ಸೆಮಿನರಿಗೆ ಉಳಿಯಿತು. 1965ರಲ್ಲಿ ಎರಡೂ ಕೂಡಿ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ನಾವೆಲ್ಲ ಕೆ.ಟಿ.ಸಿ. ಎನ್ನುವುದು ಅದನ್ನೇ. ಬಾಸೆಲ್ ಮಿಶನ್ನಿನ ಹಳೆಯ ಕಾಗದಪತ್ರಗಳನ್ನೂ ಕನ್ನಡ ಪುಸ್ತಕಗಳನ್ನೂ ಕಾಪಾಡಿಕೊಂಡು ಬಂದಿರುವ ಅಲ್ಲಿನ ಪತ್ರಾಗಾರವನ್ನು ನೋಡದ ಕನ್ನಡ ಸಂಶೋಧಕರು ಇಲ್ಲಿದ್ದರೆ ಒಮ್ಮೆ ಹೋಗಿ ಬನ್ನಿ.

ಇಂಗ್ಲಿಷಿನ ಉನ್ನತ ಓದು ಕೊಟ್ಟದ್ದೇನು ಎಂದು ಕೇಳಿದರೆ, ಬಹಳ ಕೊಟ್ಟಿತು ಎನ್ನಬೇಕು. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರು ಬೆಂಗಳೂರಿನ ಯು.ಟಿ.ಸಿ.ಯಲ್ಲಿ, ಅಮೆರಿಕದಲ್ಲಿ ಓದಿ, ಮಂಗಳೂರಿನ ಸೆಮಿನರಿಗೆ ಪ್ರಾಂಶುಪಾಲರಾಗಿ, ಕೊನೆಗೆ ಜಿನೀವಾದ ಜಾಗತಿಕ ಸಭಾ ಮಂಡಳಿಯಲ್ಲಿ ಅನ್ಯಧರ್ಮಗಳೊಂದಿಗಿನ ಸಂವಾದದ ವಿಭಾಗವನ್ನು ಕಟ್ಟಿದರು. ನೆರೆಮನೆಯವನ ಧರ್ಮದ ಎದುರು ಕ್ರೈಸ್ತನು ಹೇಗೆ ನಿಲ್ಲಬೇಕೆಂಬ ಅವರ ಚಿಂತನೆ ಲೋಕದಾದ್ಯಂತ ಓದಿಗೆ ಬಂತು. ಅದರ ಬೇರು ಇರುವುದು ಬಸದಿ, ದೇವಸ್ಥಾನ, ಮಸೀದಿ, ಇಗರ್ಜಿ ಒಂದೇ ಪೇಟೆಯಲ್ಲಿರುವ ಕರಾವಳಿಯಲ್ಲಿ ಎಂದು ನನ್ನ ನಂಬಿಕೆ. ಆದರೆ ಅವರ ಮುಖ್ಯ ಗ್ರಂಥಗಳನ್ನು ಕಾರ್ಕಳದ ಸಭೆಯವರು ಓದಬೇಕಾದರೆ ಇಂಗ್ಲಿಷ್ ಬರಬೇಕು.

ಇನ್ನೊಂದು ಘಟನೆ ಇದಕ್ಕಿಂತ ದೊಡ್ಡದು. 1981ರಲ್ಲಿ ಅದೇ ಯು.ಟಿ.ಸಿ.ಯ ಕೇರಿ ಸೊಸೈಟಿಯ ಸಭೆಯಲ್ಲಿ ಅರವಿಂದ ನಿರ್ಮಲ್ ಎಂಬ ಅಧ್ಯಾಪಕರು ಶೂದ್ರ ದೈವಶಾಸ್ತ್ರದ ಕಡೆಗೆ ಎಂಬ ಉಪನ್ಯಾಸ ಮಾಡಿದರು. ಭಾರತದ ಕ್ರೈಸ್ತ ದೈವಶಾಸ್ತ್ರ ಅಲ್ಲಿಯವರೆಗೆ ಹೆಚ್ಚಾಗಿ ವೇದಾಂತದ ಜೊತೆ, ಬ್ರಾಹ್ಮಣ ಪರಂಪರೆಯ ಜೊತೆ ಮಾತಿಗಿಳಿದಿತ್ತು. ಆದರೆ ಸಭೆಗಳಲ್ಲಿ ಕುಳಿತಿದ್ದವರಲ್ಲಿ ಬಹುಪಾಲು ಜನ ದಲಿತರು. ಅವರ ಹಸಿವು, ಅವಮಾನ, ಅವರ ದೇವತೆಗಳು, ಅವರ ಹಾಡು ಯಾವುದೂ ಪಠ್ಯದಲ್ಲಿರಲಿಲ್ಲ. ದಲಿತ ದೈವಶಾಸ್ತ್ರ ಎಂದು ಮುಂದೆ ಹೆಸರಾದ ಚಿಂತನೆಯ ಆರಂಭವನ್ನು ಆ ಉಪನ್ಯಾಸದಲ್ಲಿ ಗುರುತಿಸುತ್ತಾರೆ. ಅದು ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಕನ್ನಡದಲ್ಲಿ ದಲಿತ ಸಾಹಿತ್ಯ ಎದ್ದು ನಿಂತಿದ್ದ ಹೊತ್ತಿನಲ್ಲಿ. ಆ ಎರಡು ಚಳವಳಿಗಳು ಒಂದೇ ಊರಿನಲ್ಲಿದ್ದೂ ಪರಸ್ಪರ ಹೆಚ್ಚು ಮಾತಾಡಲಿಲ್ಲ. ಒಂದು ಇಂಗ್ಲಿಷಿನಲ್ಲಿತ್ತು, ಇನ್ನೊಂದು ಕನ್ನಡದಲ್ಲಿತ್ತು. ಬೀದರಿನ ಮೆಥೊಡಿಸ್ಟ್ ಸಭೆಗಳ ದಲಿತ ಹುಡುಗ ತನ್ನ ಅಜ್ಜಿಯ ಬದುಕಿನ ಬಗ್ಗೆ ಹುಟ್ಟಿದ ದೈವಶಾಸ್ತ್ರವನ್ನು ಅವಳಿಗೆ ಅರ್ಥವಾಗದ ಭಾಷೆಯಲ್ಲಿ ಓದಿ ಪರೀಕ್ಷೆ ಬರೆಯುತ್ತಾನೆ. ಮನೆಗೆ ಬಂದರೆ ಹೇಳಲು ಮಾತು ಹುಡುಕಬೇಕು.

ಪ್ರಸಂಗಪೀಠದಿಂದ ಇಂದು ಕೇಳಿಬರುವ ಕನ್ನಡದ ಕಾಯಿಲೆಯ ಮೂಲ ಇಲ್ಲಿದೆ. ಇಂಗ್ಲಿಷ್ ಟಿಪ್ಪಣಿಯಿಂದ ಇಳಿಸಿದ ವಾಕ್ಯಗಳು ಒಂದು ಕಡೆ, ಹಳೆಯ ಸತ್ಯವೇದದ ಅಚ್ಚಿನ ಕನ್ನಡ ಇನ್ನೊಂದು ಕಡೆ. ನಡುವೆ ಆಡುಮಾತು ಸೊರಗಿ ಕೂತಿದೆ. ಯಾವ ತರಬೇತಿಯೂ ಇಲ್ಲದೆ ಬಾಡಿಗೆ ಹಾಲ್‌ನಲ್ಲಿ ಸಭೆ ನಡೆಸುವ ಬಡಾವಣೆಯ ಪಾಸ್ಟರ್ ಜನರನ್ನು ಸೆಳೆಯುವುದು ಯಾಕೆಂದು ಬಿ.ಡಿ. ಓದಿದವರು ಆಶ್ಚರ್ಯಪಡುತ್ತಾರೆ. ಆತ ಬಸ್ ಸ್ಟ್ಯಾಂಡಿನ ಕನ್ನಡದಲ್ಲಿ ಮಾತಾಡುತ್ತಾನೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಎತ್ತುತ್ತಾನೆ. ಅವನ ಬೋಧನೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಬಹಳವಿದೆ, ಕಾಯಿಲೆ ವಾಸಿಯಾಗುತ್ತದೆಂಬ ಭರವಸೆ ಮಾರುವುದು ಅದರಲ್ಲಿ ಮೊದಲನೆಯದು. ಆದರೆ ಅವನಿರುವ ಜಾಗವನ್ನು ಖಾಲಿ ಬಿಟ್ಟವರು ನಾವು.

ಇನ್ನು ರೋಗಿಯ ಹಾಸಿಗೆಯ ಮಾತು. ಈ ವಿಷಯದಲ್ಲಿ ಅಮೆರಿಕದ ಆಂಟನ್ ಬೋಯ್ಸನ್ ಎಂಬ ಪಾದ್ರಿಯ ಬದುಕನ್ನು ಪ್ರತಿಯೊಬ್ಬ ಸೆಮಿನರಿ ವಿದ್ಯಾರ್ಥಿಯೂ ತಿಳಿದಿರಬೇಕು. 1920ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಬೋಯ್ಸನ್‌ಗೆ ತೀವ್ರ ಮಾನಸಿಕ ಕಾಯಿಲೆಯಾಗಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿದ್ದ ತಿಂಗಳುಗಳಲ್ಲಿ ಅವರಿಗೆ ಒಂದು ಸಂಗತಿ ಕಂಡಿತು: ವೈದ್ಯರು ನನ್ನ ತಲೆಯನ್ನು ನೋಡುತ್ತಿದ್ದಾರೆ, ಬಂದುಹೋಗುವ ಪಾದ್ರಿಗಳು ಪ್ರಾರ್ಥನೆ ಹೇಳಿ ಹೊರಡುತ್ತಿದ್ದಾರೆ, ನಾನು ಅನುಭವಿಸುತ್ತಿರುವುದು ಏನೆಂದು ಇಬ್ಬರಲ್ಲಿ ಯಾರೂ ಕೇಳುತ್ತಿಲ್ಲ. ಗುಣವಾಗಿ ಹೊರಬಂದ ಮೇಲೆ ಮಸಾಚುಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಅವರೇ ಚಾಪ್ಲೆನ್, ಅಂದರೆ ಆಸ್ಪತ್ರೆಯ ಪಾದ್ರಿ ಆದರು. 1925ರ ಬೇಸಿಗೆಯಲ್ಲಿ ದೈವಶಾಸ್ತ್ರದ ಕೆಲವು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆಸಿಕೊಂಡರು. ಹಗಲೆಲ್ಲ ಅವರು ವಾರ್ಡಿನ ಪರಿಚಾರಕರಾಗಿ ದುಡಿಯಬೇಕು, ರೋಗಿಗಳಿಗೆ ಊಟ ಮಾಡಿಸಬೇಕು, ಜೊತೆಯಲ್ಲಿ ತಿರುಗಾಡಬೇಕು. ಸಂಜೆ ಕುಳಿತು ತಾವು ಕಂಡದ್ದನ್ನು ಚರ್ಚಿಸಬೇಕು. ಗ್ರಂಥವನ್ನು ಎಷ್ಟು ಎಚ್ಚರದಿಂದ ಓದುತ್ತಾರೋ ಅಷ್ಟೇ ಎಚ್ಚರದ ಓದು ಜೀವಂತ ಮನುಷ್ಯನಿಗೂ ಸಲ್ಲಬೇಕು ಎಂಬುದು ಬೋಯ್ಸನ್‌ರ ನಿಲುವು. ಬಾಸ್ಟನ್ನಿನ ವೈದ್ಯ ರಿಚರ್ಡ್ ಕ್ಯಾಬಟ್ ಅದೇ ಹೊತ್ತಿಗೆ ವೈದ್ಯ ವಿದ್ಯಾರ್ಥಿಗಳಂತೆ ಪಾದ್ರಿಗಳಿಗೂ ಆಸ್ಪತ್ರೆಯಲ್ಲಿ ಒಂದು ವರ್ಷದ ಕಲಿಕೆ ಇರಲಿ ಎಂದು ಒತ್ತಾಯಿಸಿದರು.

ಇದರಿಂದ ಬೆಳೆದ ತರಬೇತಿಯಲ್ಲಿ ಒಂದು ಸರಳ ಅಭ್ಯಾಸವಿದೆ. ಅದಕ್ಕೆ ವರ್ಬೇಟಿಮ್ ಎನ್ನುತ್ತಾರೆ. ವಿದ್ಯಾರ್ಥಿ ರೋಗಿಯ ಬಳಿ ಹೋಗಿ ಮಾತಾಡಿ ಬಂದ ಮೇಲೆ ನೆನಪಿನಿಂದ ಆ ಸಂಭಾಷಣೆಯನ್ನು ಮಾತಿಗೆ ಮಾತು ಬರೆಯಬೇಕು. ರೋಗಿ ಏನೆಂದ, ತಾನೇನೆಂದೆ, ಎಲ್ಲಿ ಮೌನವಾಯಿತು, ಎಲ್ಲಿ ತಾನು ಮಾತು ಬದಲಿಸಿದೆ. ಅದನ್ನು ಮೇಲ್ವಿಚಾರಕರ ಮುಂದೆ, ಸಹಪಾಠಿಗಳ ಮುಂದೆ ಓದಬೇಕು. ಆಗ ಪ್ರಶ್ನೆಗಳು ಬರುತ್ತವೆ. ಆಕೆ ಸಾವಿನ ಭಯದ ಮಾತೆತ್ತಿದಾಗ ನೀನು ಯಾಕೆ ಕೀರ್ತನೆ ಓದಲು ಹೊರಟೆ? ಆ ಕೀರ್ತನೆ ಬೇಕಾಗಿದ್ದು ಆಕೆಗೋ, ನಿನಗೋ? ಈ ಪ್ರಶ್ನೆಯನ್ನು ಎದುರಿಸಿದ ಮೇಲೆ ವಿದ್ಯಾರ್ಥಿ ಮೊದಲಿನ ಹಾಗೆ ಪ್ರಾರ್ಥನೆ ಹೇಳಿ ಓಡಿಬರಲಾರ. ಅಮೆರಿಕದ ಹಲವು ಸಭೆಗಳಲ್ಲಿ ಇಂಥ ತರಬೇತಿಯ ಒಂದು ಘಟಕವಾದರೂ ಮುಗಿಯದೆ ದೀಕ್ಷೆ ಸಿಗುವುದಿಲ್ಲ. ನಮ್ಮ ಹತ್ತಿರದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಚಾಪ್ಲೆನ್ಸಿ ವಿಭಾಗ ಇದನ್ನು ಕಲಿಸುತ್ತದೆ. ಕರ್ನಾಟಕದಲ್ಲಿ ಆಸ್ಪತ್ರೆಗಳಿಗೇನು ಬರಗಾಲವೇ? ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಾಸನದ ರೆಡ್‌ಫರ್ನ್, ಗದಗ-ಬೆಟಗೇರಿಯ ಮಿಶನ್ ಆಸ್ಪತ್ರೆ, ಉಡುಪಿಯ ಲೊಂಬಾರ್ಡ್ ಇವೆಲ್ಲ ಸಭೆಯ ಕೈಯಿಂದಲೇ ಕಟ್ಟಿದವು. ಅಲ್ಲಿನ ವಾರ್ಡುಗಳಲ್ಲಿ ರೋಗಿಗಳು ಮಾತಾಡುವುದು ಕನ್ನಡ, ತುಳು. ಆ ಭಾಷೆಗಳಲ್ಲಿ ವರ್ಬೇಟಿಮ್ ಬರೆಸಿದರೆ ಕನ್ನಡದಿಂದ ದೂರವಾದದ್ದು, ರೋಗಿಯ ಹಾಸಿಗೆಯಿಂದ ದೂರವಾದದ್ದು ಎಂಬ ಎರಡೂ ಕಾಯಿಲೆಗಳಿಗೆ ಒಟ್ಟಿಗೆ ಔಷಧ ಸಿಕ್ಕೀತು.

ಒಟ್ಟಿಗೆ ಬಾಳುವುದು ತರಬೇತಿಯ ಭಾಗವೆಂದು ತೋರಿಸಿದ ಪ್ರೊಟೆಸ್ಟಂಟರಲ್ಲಿ ಜರ್ಮನಿಯ ಬಾನ್‌ಹಾಫರ್ ಒಬ್ಬರು. ಹಿಟ್ಲರನಿಗೆ ತಲೆಬಾಗದ ಸಭೆಗಾಗಿ 1935ರಲ್ಲಿ ಅವರು ನಡೆಸಿದ ಫಿಂಕನ್‌ವಾಲ್ಡೆಯ ಸೆಮಿನರಿಯನ್ನು ಗೆಸ್ಟಾಪೊ ಎರಡೇ ವರ್ಷದಲ್ಲಿ ಮುಚ್ಚಿಸಿತು. ಅಲ್ಲಿ ಒಂದು ನಿಯಮವಿತ್ತು: ಎದುರಿಗಿಲ್ಲದ ಸಹಪಾಠಿಯ ಬಗ್ಗೆ ಮಾತಾಡಕೂಡದು, ಮಾತಾಡಿದರೆ ಹೋಗಿ ಅವನಿಗೇ ಹೇಳಬೇಕು. ನಮ್ಮ ಪಾಸ್ಟರೇಟ್ ಕಮಿಟಿಗಳನ್ನು ಬಲ್ಲವರಿಗೆ ಈ ನಿಯಮದ ಬೆಲೆ ವಿವರಿಸಬೇಕಾಗಿಲ್ಲ.

ಊರು ಬಿಟ್ಟು ಬಂದು ಓದಲಾರದವರ ವಿಷಯ ಉಳಿಯಿತು. ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿ ಅರವತ್ತರ ದಶಕದ ಆರಂಭದಲ್ಲಿ ಕಂಡುಕೊಂಡದ್ದು ಇದು: ತಾವು ಕರೆತಂದು ಓದಿಸಿದ ಹುಡುಗರು ಹಳ್ಳಿಗೆ ಮರಳುತ್ತಿಲ್ಲ, ಹಳ್ಳಿಯ ಸಭೆಗಳನ್ನು ನಿಜವಾಗಿ ನಡೆಸುತ್ತಿರುವವರು ಸಂಸಾರಸ್ಥರಾದ ಹಿರಿಯರು, ಅವರು ಹಾಸ್ಟೆಲಿಗೆ ಬರಲಾರರು. 1963ರಲ್ಲಿ ಅವರು ವಿದ್ಯಾರ್ಥಿಯನ್ನು ಕರೆಸುವ ಬದಲು ಮೇಷ್ಟರನ್ನೇ ಊರೂರಿಗೆ ಕಳಿಸಿದರು. ಆ ಪದ್ಧತಿ ಬೇಗ ಹರಡಿ 1971ರಲ್ಲಿ ಬೆಂಗಳೂರಿನಲ್ಲಿ ಟಾಫ್ಟಿ ಎಂಬ ಸಂಸ್ಥೆಯಾಗಿ ನೆಲೆಗೊಂಡಿತು. ಆಫೀಸು ಬಿಟ್ಟ ಮೇಲೆ ಪುಸ್ತಕ ಹಿಡಿದು ಕೂತು ದೈವಶಾಸ್ತ್ರ ಓದಿದ ಬ್ಯಾಂಕ್ ಗುಮಾಸ್ತರೂ ಶಾಲಾ ಶಿಕ್ಷಕಿಯರೂ ನಮ್ಮ ಸಭೆಗಳಲ್ಲಿ ಇದ್ದಾರೆ. ಅವರ ಪ್ರಶ್ನೆಗಳಿಗೆ ಉತ್ತರಿಸಬೇಕಾಗಿ ಬರುವುದರಿಂದಲೇ ಎಷ್ಟೋ ಪಾದ್ರಿಗಳು ಮತ್ತೆ ಪುಸ್ತಕ ತೆರೆಯುತ್ತಾರೆ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ದಕ್ಷಿಣ ಭಾರತ ಸಭೆ 1976ರಲ್ಲಿ ಮೊದಲ ಬಾರಿಗೆ ಹೆಣ್ಣುಮಗಳೊಬ್ಬಳಿಗೆ ದೀಕ್ಷೆ ಕೊಟ್ಟಿತು. 2013ರಲ್ಲಿ ಪುಷ್ಪಲಲಿತಾ ನಂದ್ಯಾಲದ ಬಿಷಪರಾದರು. ಸೆಮಿನರಿಯ ತರಗತಿಗಳಲ್ಲಿ ಹೆಣ್ಣುಮಕ್ಕಳಿದ್ದಾರೆ, ಚೆನ್ನಾಗಿಯೇ ಓದುತ್ತಾರೆ. ಸಭೆಗೆ ಕಳಿಸುವಾಗ ಮಾತ್ರ ಡಯಾಸಿಸ್‌ಗಳು ಹಿಂದುಮುಂದು ನೋಡುತ್ತವೆ. ಹೆರಿಗೆ ವಾರ್ಡಿನಲ್ಲಿ, ಗರ್ಭ ಕಳೆದುಕೊಂಡವಳ ಮನೆಯಲ್ಲಿ ಯಾರು ಹೋಗಿ ಕುಳಿತರೆ ಸರಿ ಎಂದು ಬೆಂಚಿನ ಹೆಂಗಸರನ್ನು ಒಮ್ಮೆ ಕೇಳಿ ನೋಡಲಿ.

ಆದ್ದರಿಂದ ನನ್ನ ಬೇಡಿಕೆಗಳು ದೊಡ್ಡವಲ್ಲ. ಬಿ.ಡಿ.ಯ ವರ್ಷಗಳನ್ನು ಕಡಿಮೆ ಮಾಡುವುದು ಬೇಡ, ಹೀಬ್ರೂ ಗ್ರೀಕ್ ಬಿಡುವುದೂ ಬೇಡ. ಅವುಗಳ ಪಕ್ಕದಲ್ಲಿ ವಚನ, ಕೀರ್ತನೆ, ತತ್ವಪದ, ದೇವನೂರ ಮಹಾದೇವರ ಗದ್ಯ ಇರಲಿ, ಪರೀಕ್ಷೆಗೂ ಇರಲಿ. ಡೀಕನ್ ಆಗಿ ಸಭೆಗೆ ಬರುವ ಮುನ್ನ ಪ್ರತಿಯೊಬ್ಬರೂ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯ ಕೆಳಗೆ ಕೆಲವು ತಿಂಗಳು ಕಳೆಯಲಿ. ಸ್ನಾತಕೋತ್ತರ ಎಂ.ಟಿಎಚ್. ಮಾಡುವವರು ತಮ್ಮ ಪ್ರಬಂಧದ ತಿರುಳನ್ನು ಕನ್ನಡದಲ್ಲಿ ಒಂದು ಪುಸ್ತಕವಾಗಿ ಬರೆದುಕೊಡಲಿ. ಬಿಷಪರು ಹೊಸ ಪಾದ್ರಿಯನ್ನು ಒಂದು ಊರಿನ ಜನರ ಹೆಸರು ಕಲಿಯುವ ಮೊದಲೇ ವರ್ಗ ಮಾಡದಿರಲಿ.

ಕೊನೆಯದಾಗಿ ಇಲ್ಲಿ ಕುಳಿತಿರುವ ಹಣವುಳ್ಳವರಿಗೆ ಒಂದು ವಿನಂತಿ. ನಾವು ದತ್ತಿ ಇಡುವುದೆಂದರೆ ಬೆಂಚು, ಫ್ಯಾನು, ಗಂಟೆ, ಗೋಡೆಯ ಮೇಲೆ ಹಿರಿಯರ ಹೆಸರಿನ ಕಲ್ಲು ಎಂದುಕೊಂಡಿದ್ದೇವೆ. ಯೋಬನ ಗ್ರಂಥಕ್ಕೆ, ಸಭಾಪಾಲನೆಗೆ, ದಲಿತ ದೈವಶಾಸ್ತ್ರಕ್ಕೆ ಬಿ.ಡಿ. ಮಟ್ಟದ ಒಳ್ಳೆಯ ಕನ್ನಡ ಪಠ್ಯಗಳು ಬೇಕಾಗಿವೆ. ಅವುಗಳನ್ನು ಬರೆಯಬಲ್ಲ ಅಧ್ಯಾಪಕರು ನಮ್ಮ ಸೆಮಿನರಿಗಳಲ್ಲೇ ಇದ್ದಾರೆ, ಅವರಿಗಿಲ್ಲದ್ದು ಬಿಡುವು. ಅಂಥ ಒಬ್ಬರಿಗೆ ಒಂದು ವರ್ಷ ರಜೆ ಕೊಡಿಸಿ ಬರೆಯಲು ಕೂರಿಸುವಷ್ಟು ಹಣವನ್ನು ನಿಮ್ಮ ಮುಂದಿನ ದತ್ತಿಯಲ್ಲಿ ಇಡಿ.